ಸುಟ್ಟ ಬೆಟ್ಟದ ಹೂವು, ನಾಲ್ಕು ಹನಿ ನೀರು

ಪುಟ್ಟೀ,

ನೀನು ವಾಟ್ಸ್ಆ್ಯಪಿನಲ್ಲಿ ಕಳಿಸಿದ ಬಾಟಲಿಯ ಫೋಟೊವನ್ನು ದೊಡ್ಡದು ಮಾಡಿಕೊಂಡು ಚೀಟಿಯನ್ನು ಪೂರ್ತಿ ಓದಿದೆ. ಫೈರ್‌ವೀಡ್ ಹೂವಿನ ಎಸೆನ್ಸ್. ಬದುಕಿನ ಗುರಿ ಕಳೆದುಕೊಂಡವರಿಗೆ, ಎಲ್ಲ ಹೊಸದಾಗಿ ಶುರುಮಾಡಬೇಕಾದವರಿಗೆ. ದಿನಕ್ಕೆ ನಾಲ್ಕು ಸಲ, ನಾಲಿಗೆಯ ಕೆಳಗೆ ನಾಲ್ಕು ಹನಿ. ಅದರ ಕೆಳಗೆ ನಿನ್ನ ಪ್ರಶ್ನೆ: ‘ದೊಡ್ಡಮ್ಮ, ನೀನು ಬಾಟನಿ ಮೇಡಂ ಅಲ್ವಾ, ಇದು ನಿಜವಾಗ್ಲೂ ಕೆಲಸ ಮಾಡತ್ತಾ?’

ಒಂದೇ ಸಾಲಿನಲ್ಲಿ ಉತ್ತರ ಬೇಕಿದ್ದರೆ ಇಗೋ: ಬಾಟಲಿಯಲ್ಲಿರುವುದು ಬ್ರಾಂದಿ ಮತ್ತು ನೀರು. ಆದರೆ ಒಂದೇ ಸಾಲಿನಲ್ಲಿ ಮುಗಿಸುವ ಅಭ್ಯಾಸ ನನಗಿಲ್ಲ ಎಂದು ನಿನಗೂ ಗೊತ್ತು, ನನ್ನ ಹಳೆಯ ವಿದ್ಯಾರ್ಥಿಗಳಿಗೂ ಗೊತ್ತು. ಅದಲ್ಲದೆ ಆ ಹೂವಿನ ಮೇಲೆ ನನಗೆ ಬಹಳ ಗೌರವ. ಬಾಟಲಿಯ ಸಿಟ್ಟನ್ನು ಹೂವಿನ ಮೇಲೆ ತೀರಿಸಿಕೊಳ್ಳುವುದು ಬೇಡ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಕಾಫಿ ಮಾಡಿಕೊಂಡು ಕೂತು ಓದು.

ಮೊದಲು ಬಾಟಲಿಯ ವಿಚಾರ. ಇದು ಅಲಾಸ್ಕಾದ ಮೂಲನಿವಾಸಿಗಳ ಪುರಾತನ ವಿದ್ಯೆಯೇನೋ ಎಂಬಂತೆ ನೀನು ಬರೆದಿದ್ದೀಯ. ಅಲ್ಲ ಮಾರಾಯ್ತಿ. ಹೂವಿನ ಎಸೆನ್ಸ್ ಎಂಬ ಪದ್ಧತಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಅದನ್ನು ಹುಟ್ಟುಹಾಕಿದವನು ಇಂಗ್ಲೆಂಡಿನ ಒಬ್ಬ ಡಾಕ್ಟರು, ಎಡ್ವರ್ಡ್ ಬ್ಯಾಚ್. 1886ರಲ್ಲಿ ಬರ್ಮಿಂಗ್‌ಹ್ಯಾಮ್ ಸೀಮೆಯ ಮೋಸ್ಲಿಯಲ್ಲಿ ಹುಟ್ಟಿ, ಅಪ್ಪನ ಹಿತ್ತಾಳೆ ಕಾರ್ಖಾನೆಯಲ್ಲಿ ಕೆಲ ಕಾಲ ದುಡಿದು, ಆಮೇಲೆ ಲಂಡನ್ನಿನಲ್ಲಿ ವೈದ್ಯ ಓದಿದವನು. ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿದ, ನಂತರ ಹೋಮಿಯೋಪಥಿಯ ಕಡೆ ವಾಲಿದ. 1917ರಲ್ಲಿ ಕುಸಿದು ಬಿದ್ದಾಗ ಗಡ್ಡೆಯ ಶಸ್ತ್ರಚಿಕಿತ್ಸೆ ಆಯಿತು, ಇನ್ನು ಮೂರು ತಿಂಗಳು ಎಂದರಂತೆ. ಆತ ಹಾಸಿಗೆಯಿಂದೆದ್ದು ನೇರ ಪ್ರಯೋಗಶಾಲೆಗೆ ಹೋದ, ಹತ್ತೊಂಬತ್ತು ವರ್ಷ ಬದುಕಿದ. ಕೆಲಸದ ಮೇಲಿನ ಗೀಳೇ ಅವನನ್ನು ಉಳಿಸಿತು ಎಂದು ಅವನ ಅನುಯಾಯಿಗಳು ಹೇಳುತ್ತಾರೆ. ಉಳಿಸಿದ್ದು ಸರ್ಜನ್ನನ ಕತ್ತಿ ಎಂದು ನಾನು ಹೇಳುತ್ತೇನೆ. ಆದರೆ ಗಮನಿಸು, ಅವನ ಕಥೆಯಲ್ಲಿ ಗುರಿ ಸಿಕ್ಕಿದ್ದು ಬಾಟಲಿಯಿಂದಲ್ಲ. ಆಗಿನ್ನೂ ಬಾಟಲಿಯೇ ಹುಟ್ಟಿರಲಿಲ್ಲ.

1928ರಲ್ಲಿ ವೇಲ್ಸಿನ ಹೊಳೆಯ ಬದಿಯಲ್ಲಿ ಅವನು ಆರಿಸಿಕೊಂಡ ಮೊದಲ ಹೂಗಳಲ್ಲಿ ಒಂದು ಇಂಪೇಷನ್ಸ್. ಇದನ್ನು ಓದಿದಾಗ ನನಗೆ ನಗು ಬಂತು. ಅದು ನಮ್ಮ ಹಿಮಾಲಯದ ಗಿಡ. 1839ರಲ್ಲಿ ಇಂಗ್ಲೆಂಡಿಗೆ ಹೋಗಿ, ತೋಟದ ಬೇಲಿ ಹಾರಿ, ಹೊಳೆದಂಡೆಗಳನ್ನೆಲ್ಲ ಆಕ್ರಮಿಸಿಕೊಂಡು ಈಗ ಅಲ್ಲಿಯವರ ತಲೆನೋವಾಗಿದೆ. ನಿನ್ನ ಅಜ್ಜಿ ಅಂಗಳದ ಸಾಲಿನಲ್ಲಿ ನೆಡುತ್ತಿದ್ದ ಕರ್ಣಕುಂಡಲ ಅದರ ಸೋದರಿ. ತಾಳ್ಮೆಯಿಲ್ಲದವರಿಗೆ ಇದು ಮದ್ದು ಎಂದ ಬ್ಯಾಚ್. ಮುಟ್ಟಿದ ಕೂಡಲೇ ಕಾಯಿ ಸಿಡಿಯುವ ಗಿಡ ಅದು, ಅದಕ್ಕೇ ಇರಬೇಕು. 1930ರಲ್ಲಿ ಲಂಡನ್ನಿನ ಚೆನ್ನಾಗಿ ನಡೆಯುತ್ತಿದ್ದ ಪ್ರಾಕ್ಟೀಸ್ ಬಿಟ್ಟು ಹಳ್ಳಿಗಾಡು ಅಲೆದ. 1936ರ ನವೆಂಬರಿನಲ್ಲಿ, ಐವತ್ತನೆಯ ವಯಸ್ಸಿಗೆ ಸಾಯುವ ಹೊತ್ತಿಗೆ 38 ಎಸೆನ್ಸ್‌ಗಳ ಪಟ್ಟಿ ಮಾಡಿದ್ದ. ಒಂದು ಹಿನ್ನಡೆಗೇ ಕೈಚೆಲ್ಲುವವರಿಗೆ ಜೆನ್ಷಿಯನ್, ಯಾವ ದಾರಿ ಹಿಡಿಯಬೇಕೆಂದು ತಿಳಿಯದವರಿಗೆ ಕಾಡು ಓಟ್ಸ್. ನಿನ್ನ ಫೈರ್‌ವೀಡ್ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದನ್ನೆಲ್ಲ ಸೇರಿಸಿದ್ದು ಆಮೇಲಿನ ಅಮೆರಿಕದವರು. 1979ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಕಾಟ್ಜ್ ಎಂಬುವರು ಫ್ಲವರ್ ಎಸೆನ್ಸ್ ಸೊಸೈಟಿ ಕಟ್ಟಿದರು. ಅಲಾಸ್ಕಾದ ಹೂಗಳಿಗೂ ಅದೇ ರೀತಿ ತಯಾರಕರು ಹುಟ್ಟಿಕೊಂಡರು. ಕಾಡು ಸುಟ್ಟ ಮೇಲೆ ಮೊದಲು ಬರುವ ಹೂವು ಎಂದರೆ ‘ಹೊಸ ಆರಂಭ’ದ ಚೀಟಿ ಅದಕ್ಕೆ ಅಂಟದೆ ಇರುತ್ತದೆಯೇ?

ಮಾಡುವ ವಿಧಾನ ಕೇಳು. ಮೋಡವಿಲ್ಲದ ಬೆಳಗು, ಗಾಜಿನ ಬಟ್ಟಲು, ಒರತೆಯ ನೀರು. ಹೂಗಳನ್ನು ನೀರಿನ ಮೇಲೆ ತೇಲಿಬಿಟ್ಟು ಮೂರು ಗಂಟೆ ಬಿಸಿಲಿಗಿಡುವುದು. ಆಮೇಲೆ ಹೂ ತೆಗೆದು, ಅಷ್ಟೇ ಪ್ರಮಾಣದ ಬ್ರಾಂದಿ ಬೆರೆಸುವುದು. ಇದು ತಾಯಿ ದ್ರಾವಣ. ಅದರ ಎರಡು ಹನಿಯನ್ನು 30 ಮಿಲಿ ಬ್ರಾಂದಿಗೆ ಹಾಕಿದರೆ ಅಂಗಡಿಯ ಸ್ಟಾಕ್ ಬಾಟಲಿ. ಅದರಿಂದ ಎರಡು ಹನಿ ತೆಗೆದು ಇನ್ನೊಂದು 30 ಮಿಲಿ ನೀರಿಗೆ ಹಾಕಿದರೆ ನೀನು ಕುಡಿಯುವುದು. 30 ಮಿಲಿ ಎಂದರೆ ಸುಮಾರು 600 ಹನಿ. ಎಂಜಿನಿಯರ್ ನೀನು, ಲೆಕ್ಕ ಮಾಡು. ಬಟ್ಟಲಲ್ಲಿದ್ದ ನೀರು ನಿನ್ನ ನಾಲಿಗೆಗೆ ಬರುವ ಹೊತ್ತಿಗೆ 1,80,000ಕ್ಕೆ ಒಂದು ಪಾಲು. ಹೂವಿನ ರಸವಲ್ಲ, ಹೂ ತೇಲಿದ ನೀರು! ಅತ್ತರಿನಂತೆ ವಾಸನೆಯಿಲ್ಲ, ಕಷಾಯದಂತೆ ರುಚಿಯಿಲ್ಲ. ತಯಾರಕರೂ ರಾಸಾಯನಿಕ ಇದೆ ಎನ್ನುವುದಿಲ್ಲ, ಹೂವಿನ ‘ಕಂಪನ’ ಇದೆ ಎನ್ನುತ್ತಾರೆ. ಆ ಕಂಪನವನ್ನು ಅಳೆಯುವ ಯಂತ್ರ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ, ಬೇರೆ ಯಾರ ಲ್ಯಾಬಿನಲ್ಲೂ ಇಲ್ಲ.

ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅರ್ಧ ಜನರಿಗೆ ಎಸೆನ್ಸ್, ಇನ್ನರ್ಧ ಜನರಿಗೆ ಅದೇ ಬಣ್ಣದ ಬರಿಯ ನೀರು–ಬ್ರಾಂದಿ, ಯಾರಿಗೆ ಯಾವುದು ಎಂದು ಯಾರಿಗೂ ಹೇಳದೆ. 2010ರಲ್ಲಿ ಎಡ್ಜರ್ಡ್ ಅರ್ನ್ಸ್ಟ್ ಎಂಬ ವೈದ್ಯವಿಜ್ಞಾನಿ ಬ್ಯಾಚ್ ಹೂಗಳ ಮೇಲೆ ನಡೆದ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ಪರಿಶೀಲಿಸಿದರು. ಹುಸಿಮದ್ದಿಗಿಂತ ಹೆಚ್ಚಿನ ಗುಣ ಎಲ್ಲೂ ಕಾಣಲಿಲ್ಲ. ಅರ್ನ್ಸ್ಟ್ ಪರ್ಯಾಯ ವೈದ್ಯವನ್ನು ಅರಿಯದವರಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದ ಪ್ರೊಫೆಸರ್ ಆಗಿದ್ದವರು.

‘ಆದರೆ ನನ್ನ ಗೆಳತಿಗೆ ಗುಣ ಆಯ್ತು’ ಎಂದು ನೀನು ಹೇಳುತ್ತೀಯ. ಆಗಿರಬಹುದು, ನಾನು ಅವಳನ್ನು ಸುಳ್ಳುಗಾತಿ ಎನ್ನುವುದಿಲ್ಲ. ಅವಳು ಮೊದಲ ಸಲ ಹೋದಾಗ ಆ ಎಸೆನ್ಸ್ ಕೊಡುವವರು ಎಷ್ಟು ಹೊತ್ತು ಕೂರಿಸಿಕೊಂಡು ಮಾತಾಡಿಸಿದರು ಕೇಳು. ಮುಕ್ಕಾಲು ಗಂಟೆ? ಒಂದು ಗಂಟೆ? ನಿನಗೇನು ಭಯ, ಯಾವುದಕ್ಕೆ ಸಿಟ್ಟು ಬರುತ್ತದೆ, ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ, ಇವನ್ನೆಲ್ಲ ನಿನ್ನ ವಯಸ್ಸಿನವರನ್ನು ಈಗ ಯಾರು ಕೇಳುತ್ತಾರೆ? ನಿಮ್ಮ ಮ್ಯಾನೇಜರೂ ಕೇಳಲಿಲ್ಲ, ನಾವು ಮನೆಯವರೂ ಕೇಳಲಿಲ್ಲ. ‘ಪ್ರಮೋಷನ್ ಆಯ್ತಾ, ಮನೆ ತಗೊಂಡ್ಯಾ’ ಅಷ್ಟೇ ನಮ್ಮ ಪ್ರಶ್ನೆ. ಬ್ಯಾಚ್‌ನ ಪದ್ಧತಿಯಲ್ಲಿ ನನಗೆ ಒಪ್ಪಿಗೆಯಾಗುವ ಒಂದೇ ಅಂಶ ಅದು: ರೋಗದ ಹೆಸರು ಕೇಳುವ ಮೊದಲು ಮನುಷ್ಯ ಎಂಥವನು ಎಂದು ಕೇಳು ಎಂದ. ಆ ಒಂದು ಗಂಟೆಗೆ ದಿನಕ್ಕೆ ನಾಲ್ಕು ಸಲ ಕೆಲಸ ನಿಲ್ಲಿಸಿ ಕಣ್ಣುಮುಚ್ಚಿ ಕೂರುವುದನ್ನು ಸೇರಿಸು, ಮೂರು ನಾಲ್ಕು ವಾರದ ಕಾಲವನ್ನೂ ಸೇರಿಸು. ಯಾರಿಗಾದರೂ ಸ್ವಲ್ಪ ಹಗುರಾದೀತು.

ಅದಕ್ಕೇ ಬಾಟಲಿ ಬಿಸಾಡು ಎಂದು ನಾನು ಹೇಳುವುದಿಲ್ಲ. ಕೊಂಡಿದ್ದೀಯ, ಮುಗಿಸು. ಎರಡನೆಯದು ಬೇಡ. ಮದ್ಯ ಬಿಡಲು ಮಾತ್ರೆ ತೆಗೆದುಕೊಳ್ಳುತ್ತಿರುವ ಯಾರಿಗೂ ಅದನ್ನು ಕೊಡಬೇಡ, ಬ್ರಾಂದಿ ಎಷ್ಟೇ ಸ್ವಲ್ಪವಿದ್ದರೂ ಬ್ರಾಂದಿಯೇ. ಅಜ್ಜಿಯ ಮುಂದೆ ಅದರ ಹೆಸರೆತ್ತಬೇಡ, ‘ನಮ್ಮ ಹುಡುಗಿ ಬೆಳಗಾಗೆದ್ದು ಬ್ರಾಂದಿ ಕುಡಿಯುತ್ತಾಳೆ’ ಎಂದು ಊರೆಲ್ಲ ಸುದ್ದಿಯಾಗುತ್ತದೆ.

ಈಗ ಹೂವಿಗೆ ಬರುತ್ತೇನೆ. ಅದೇ ನನ್ನ ಇಷ್ಟದ ಪಾಠ.

ಫೈರ್‌ವೀಡನ್ನು ನಾನು ಪುಸ್ತಕದಲ್ಲಿ ಎಷ್ಟೋ ವರ್ಷ ಕಲಿಸಿದ ಮೇಲೆ ಅದರ ತಂಗಿಯನ್ನು ಕಣ್ಣಾರೆ ಕಂಡದ್ದು ಗಢವಾಲದ ಹೂಗಳ ಕಣಿವೆಯಲ್ಲಿ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿಯುವಾಗ ಫ್ರಾಂಕ್ ಸ್ಮೈತ್ ದಾರಿತಪ್ಪಿ ಬಂದು ಬೆರಗಾದ ಜಾಗ ಅದು. ಅಲ್ಲಿ ಪುಷ್ಪಾವತಿ ಹೊಳೆಯ ಮರಳು, ಜಲ್ಲಿಕಲ್ಲಿನ ದಿಬ್ಬಗಳ ಮೇಲೆ, ಬೇರೆ ಗಿಡ ಕಾಲೂರಲು ಹೆದರುವ ಕಡೆ, ಕೆನ್ನೇರಳೆಯ ಹೂ ಹೊತ್ತು ಒತ್ತೊತ್ತಾಗಿ ಬೆಳೆದಿರುತ್ತದೆ. ರಿವರ್ ಬ್ಯೂಟಿ ಎನ್ನುತ್ತಾರೆ. ಅಲಾಸ್ಕಾದಲ್ಲೂ ಅದೇ ಗಿಡ ಉಂಟು, ಅದರದ್ದೂ ಎಸೆನ್ಸ್ ಬಾಟಲಿ ಉಂಟು. ಇನ್ನೂ ಹತ್ತಿರದಲ್ಲೇ ಇರುವ ನೆಂಟರು ಬೇಕಿದ್ದರೆ ನಮ್ಮ ಸಾಗರದ ಗದ್ದೆಬಯಲಿಗೆ ಇಳಿ. ನೀರು ನಿಂತ ಅಂಚಿನಲ್ಲಿ ನಾಲ್ಕು ಹಳದಿ ಎಸಳಿನ ಲುಡ್ವಿಜಿಯಾ ನಿಂತಿರುತ್ತದಲ್ಲ, ಅದೂ ಇದೇ ಕುಟುಂಬ. ಚಿಕ್ಕಂದಿನಲ್ಲಿ ನೀನು ಕಿತ್ತು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು.

ಫೈರ್‌ವೀಡ್ ಮಾತ್ರ ಆಳುದ್ದ ಬೆಳೆಯುತ್ತದೆ. ತುದಿಯಲ್ಲಿ ಉದ್ದನೆಯ ಹೂಗೊಂಚಲು, ನಾಲ್ಕು ಎಸಳಿನ ಗುಲಾಬಿ–ನೇರಳೆ ಹೂ. ಅರಳುವುದು ಕೆಳಗಿನಿಂದ ಮೇಲಕ್ಕೆ. ಒಂದೊಂದು ಹೂವೂ ಮೊದಲು ಪರಾಗ ಕೊಡುತ್ತದೆ, ಆಮೇಲೆ ಅದರ ಶಲಾಕಾಗ್ರ ನಾಲ್ಕಾಗಿ ಬಿಚ್ಚಿ ಪರಾಗ ತೆಗೆದುಕೊಳ್ಳಲು ಸಿದ್ಧವಾಗುತ್ತದೆ. ಅಂದರೆ ಯಾವ ಹೊತ್ತಿಗೂ ಮೇಲಿನ ಹೂಗಳು ಕೊಡುವವು, ಕೆಳಗಿನವು ತೆಗೆದುಕೊಳ್ಳುವವು. ದುಂಬಿ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೇರುತ್ತದೆ. ಬೇರೆ ಗಿಡದಿಂದ ತಂದದ್ದನ್ನು ಕೆಳಗಿನ ಹೂಗಳಿಗೆ ಇಳಿಸಿ, ಮೇಲಿನವುಗಳಿಂದ ಹೊಸದನ್ನು ಹೊತ್ತು ಇನ್ನೊಂದು ಗಿಡಕ್ಕೆ ಹಾರುತ್ತದೆ. 1790ರ ಸುಮಾರಿಗೆ ಇದನ್ನು ಮೊದಲು ಕಂಡವನು ಜರ್ಮನಿಯ ಶಾಲಾ ಮೇಷ್ಟ್ರು ಸ್ಪ್ರೆಂಗೆಲ್. ಹೂ ನೋಡುತ್ತಾ ಕೂತು ಇಗರ್ಜಿಯ ಕೆಲಸ, ಶಾಲೆಯ ಕೆಲಸ ಅಲಕ್ಷ್ಯ ಮಾಡಿದನೆಂದು ಅವನನ್ನು ಹುದ್ದೆಯಿಂದ ತೆಗೆದರು. ಅವನ ಪುಸ್ತಕದ ಬೆಲೆ ಜಗತ್ತಿಗೆ ತಿಳಿದದ್ದು ಡಾರ್ವಿನ್ ಅದನ್ನು ಕೈಗೆತ್ತಿಕೊಂಡ ಮೇಲೆ, ಆಗ ಸ್ಪ್ರೆಂಗೆಲ್ ಸತ್ತು ಎಷ್ಟೋ ಕಾಲವಾಗಿತ್ತು. ಈಗ ಲೇಆಫ್ ಆಗಿರುವ ನಿನ್ನಂಥವರೇ ಮೊದಲಿಗರಲ್ಲ.

ಅಲಾಸ್ಕಾದ ಜನ ಈ ಹೂಗೊಂಚಲನ್ನೇ ಪಂಚಾಂಗ ಮಾಡಿಕೊಂಡಿದ್ದಾರೆ. ಹೂವು ತುದಿ ಮುಟ್ಟಿತೆಂದರೆ ಬೇಸಿಗೆ ಮುಗಿಯಿತು, ಸೌದೆ ಒಟ್ಟಿಕೊಳ್ಳಿ ಎಂದು. ಎಳೆ ಕುಡಿಯನ್ನು ಪಲ್ಯದಂತೆ ತಿನ್ನುತ್ತಾರೆ, ಹೂವಿನಿಂದ ಜೆಲ್ಲಿ ಮಾಡುತ್ತಾರೆ, ಅದರ ಜೇನಿಗೆ ಒಳ್ಳೆಯ ಬೆಲೆಯಿದೆ. ರಷ್ಯಾದಲ್ಲಿ ಎಲೆಯನ್ನು ಹುದುಗಿಸಿ ಒಣಗಿಸಿ ‘ಇವಾನ್ ಚಾಯ್’ ಎಂದು ಕುಡಿಯುತ್ತಾರೆ. ಗಿಡದ ಗುಣ ನಿಜಕ್ಕೂ ಹೊಟ್ಟೆಗೆ ಹೋಗಬೇಕಿದ್ದರೆ ಈ ದಾರಿಗಳು ಹೆಚ್ಚು ಪ್ರಾಮಾಣಿಕ ಎಂದು ನನ್ನ ಅಭಿಪ್ರಾಯ.

ಬೆಂಕಿಯ ನಂತರ ಅದು ಬರುವ ಬಗೆ ನಿನಗೆ ಸರಿಯಾಗಿ ಗೊತ್ತಿರಬೇಕು. ಚೀಟಿ ಬರೆದವರು ಅಲ್ಲೇ ಅರ್ಧ ಕಥೆ ಹೇಳಿ ಬಿಟ್ಟಿದ್ದಾರೆ.

ಎರಡು ದಾರಿ. ಒಂದು ಬೀಜದ್ದು. ಒಂದು ದೊಡ್ಡ ಗಿಡ 80,000ದವರೆಗೂ ಬೀಜ ಕೊಡಬಲ್ಲದು, ಪ್ರತಿ ಬೀಜಕ್ಕೂ ರೇಷ್ಮೆಯ ಜುಟ್ಟು, ಗಾಳಿ ಕರೆದಲ್ಲಿಗೆ ಹೋಗುತ್ತದೆ. ಆದರೆ ಆ ಬೀಜ ಬಹಳ ಕಾಲ ಬಾಳುವುದಿಲ್ಲ, ಎರಡು ಮೂರು ವರ್ಷದೊಳಗೆ ನೆಲ ಸಿಗದಿದ್ದರೆ ಮುಗಿಯಿತು. ಇನ್ನೊಂದು ದಾರಿ ಬೇರುಗಡ್ಡೆಯದು. ಶುಂಠಿಯ ಹಾಗೆ ನೆಲದೊಳಗೇ ಅಡ್ಡಡ್ಡ ಹರಿದಿರುತ್ತದೆ. ಮೇಲಿನ ಕಾಡು ದಟ್ಟವಾಗಿದ್ದಾಗ ಬಿಸಿಲು ಸಿಗದೆ, ಹೂ ಬಿಡದೆ, ನಾಲ್ಕು ಎಲೆಯಲ್ಲಿ ಹೇಗೋ ಜೀವ ಹಿಡಿದುಕೊಂಡಿರುತ್ತದೆ. ಬೆಂಕಿ ಬಂದು ಮರಗಳು ಹೋದವೋ, ಬಿಸಿಲು ನೆಲಕ್ಕೆ ಬಿತ್ತು, ಬೂದಿಯ ಸತ್ವ ಸಿಕ್ಕಿತು, ಅದೇ ವರ್ಷ ಚಿಗುರುತ್ತದೆ. ದಾರಿಯಲ್ಲಿ ಹೋಗುವವರಿಗೆ ಎಲ್ಲಿಂದಲೋ ಹೊಸದಾಗಿ ಬಂದಂತೆ ಕಾಣುತ್ತದೆ. ಬಂದದ್ದಲ್ಲ, ಇದ್ದದ್ದು.

ಅಮೆರಿಕದ ನಿನ್ನ ಊರಿಗೆ ದೂರವಲ್ಲದ ಸೇಂಟ್ ಹೆಲೆನ್ಸ್ ಅಗ್ನಿಪರ್ವತವನ್ನೇ ನೋಡು. 1980ರ ಮೇ 18ರ ಬೆಳಿಗ್ಗೆ ಅದು ಸಿಡಿದಾಗ ಶಿಖರದ 400 ಮೀಟರ್ ಎತ್ತರವೇ ಹಾರಿಹೋಯಿತು, 57 ಜನ ಸತ್ತರು, ಸುಮಾರು 600 ಚದರ ಕಿಲೋಮೀಟರ್ ಕಾಡು ಉರುಳಿತು ಇಲ್ಲವೇ ನಿಂತಲ್ಲೇ ಸತ್ತಿತು. ಎಲ್ಲ ನಿರ್ನಾಮವಾಯಿತು ಎಂದೇ ಹೆಲಿಕಾಪ್ಟರಿನಲ್ಲಿ ಹೋದವರು ಅಂದುಕೊಂಡದ್ದು. ಇಳಿದು ನಡೆದ ವಿಜ್ಞಾನಿಗಳಿಗೆ ಬೂದಿಯ ಪದರ ತೆಳುವಿದ್ದ ಕಡೆ ಫೈರ್‌ವೀಡಿನ ಮೊಳಕೆ ಕಂಡಿತು, ಹಳೆಯ ಬೇರುಗಳಿಂದ. ಮೇ ತಿಂಗಳಾದ್ದರಿಂದ ಇನ್ನೂ ಹಿಮ ಹೊದ್ದಿದ್ದ ಜಾಗಗಳಲ್ಲಿ ಸಣ್ಣ ಸಣ್ಣ ಮರಗಳೂ ಉಳಿದಿದ್ದವು. ಇಲಿಯ ಜಾತಿಯ ಗೋಫರ್‌ಗಳು ಬಿಲದೊಳಗಿದ್ದು ಬದುಕಿ, ತೋಡಿ ತೋಡಿ ಹಳೆಯ ಮಣ್ಣನ್ನು ಬೂದಿಯ ಮೇಲಕ್ಕೆ ತಂದು ಹಾಕಿದವು. ಆದರೆ ಬೆಟ್ಟದ ಉತ್ತರದ ಬುಡದಲ್ಲಿ, ಕಾದ ಪ್ಯೂಮಿಸ್ ಕಲ್ಲಿನ ಅಡಿಯಲ್ಲಿ ಎಲ್ಲವೂ ಆಳಕ್ಕೆ ಹೂತುಹೋದ ಬಯಲಿನಲ್ಲಿ, ಫೈರ್‌ವೀಡ್ ಮೊದಲಿಗನಾಗಲಿಲ್ಲ. ಬೀಜಗಳು ಹಾರಿ ಬಂದು ಬಿದ್ದವು, ಬರಿಗಲ್ಲಿನಲ್ಲಿ ಸಾರಜನಕವಿಲ್ಲದೆ ಹೆಚ್ಚಿನವು ಸೊರಗಿದವು. ಅಲ್ಲಿ ಮೊದಲು ನೆಲೆಯೂರಿದ್ದು ಲೂಪಿನ್ ಎಂಬ ಗಿಡ್ಡ ಗಿಡ. ನಮ್ಮ ಹುರುಳಿ, ಅಲಸಂದೆಯ ಕುಲದ್ದು, ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿಯಬಲ್ಲದು. ಅದು ಸತ್ತು ಕೊಳೆತು ನೆಲ ಸ್ವಲ್ಪ ಹದವಾದ ಮೇಲೆ ಮಿಕ್ಕವರ ಸರದಿ.

ಈಗ ನಿನ್ನ ವಿಷಯ. ಹನ್ನೆರಡು ವರ್ಷದ ಕೆಲಸ ಒಂದು ಬೆಳಗಿನ ಈಮೇಲಿನಲ್ಲಿ ಹೋಯಿತು, ಲ್ಯಾಪ್‌ಟಾಪ್ ಕೂಡ ಮಧ್ಯಾಹ್ನದೊಳಗೆ ಲಾಕ್ ಆಯಿತು ಎಂದೆ. ಪುಣ್ಯಕ್ಕೆ ಗ್ರೀನ್ ಕಾರ್ಡ್ ಇದೆ, ಎಚ್‌–1ಬಿ ಮಕ್ಕಳ ಹಾಗೆ ಅರವತ್ತು ದಿನದ ಕತ್ತಿ ತಲೆಯ ಮೇಲಿಲ್ಲ. ‘ಕೆಲಸ ಹೋದದ್ದಕ್ಕಿಂತ, ನಾನು ಯಾಕಾಗಿ ಬದುಕಿದ್ದೀನಿ ಅಂತಲೇ ಗೊತ್ತಾಗ್ತಿಲ್ಲ’ ಎಂಬ ನಿನ್ನ ಮಾತು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಅದಕ್ಕೆ ಹೇಳುತ್ತೇನೆ, ಹೊಸ ಬೀಜ ಎಲ್ಲಿಂದ ಹಾರಿಬರುತ್ತದೆ ಎಂದು ಆಕಾಶ ನೋಡುವ ಮೊದಲು ನೆಲ ಕೆದಕು. ಬಿಸಿಲು ಸಿಗದೆ ಹೂ ಬಿಡದೆ ಇದ್ದದ್ದು ನಿನ್ನೊಳಗೆ ಏನೇನಿದೆ? ನನಗೆ ನೆನಪಿರುವುದನ್ನು ಹೇಳಲೇ? ಎಸ್ಸೆಸ್ಸೆಲ್ಸಿ ರಜೆಯಲ್ಲಿ ಕೇರಿಯ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಭಿನ್ನರಾಶಿ ಹೇಳಿಕೊಡುತ್ತಿದ್ದೆ, ಹೋಳಿಗೆ ಹರಿದು ತೋರಿಸುತ್ತಿದ್ದೆ. ಅಮೆರಿಕದಲ್ಲಿ ಭಾನುವಾರದ ಕನ್ನಡ ಕ್ಲಾಸನ್ನು ಎರಡು ವರ್ಷ ನಡೆಸಿ, ‘ಟೈಮಿಲ್ಲ’ ಎಂದು ಬಿಟ್ಟೆ. ಈಗ ಟೈಮಿದೆಯಲ್ಲ. ಅದೇ ನಿನ್ನ ಬದುಕಿನ ಗುರಿ ಎಂದು ನಾನು ಹೇಳುತ್ತಿಲ್ಲ, ಅಷ್ಟು ದೊಡ್ಡ ಹೆಸರು ಅದಕ್ಕೆ ಬೇಡವೇ ಬೇಡ. ಮುಂದಿನ ಭಾನುವಾರ ಹೋಗಿ ಅ ಆ ಇ ಈ ಬರೆಸಿ ಬಾ.

ನೆಲದಲ್ಲಿ ಏನೂ ಉಳಿದಿಲ್ಲ, ನನ್ನದು ಪ್ಯೂಮಿಸ್ ಬಯಲು ಎನ್ನುತ್ತೀಯಾ? ಅದೂ ಇರಬಹುದು. ಕೆಲವರ ಮೇಲೆ ನಿಜವಾಗಿಯೂ ಅಷ್ಟು ಆಳಕ್ಕೆ ಬೀಳುತ್ತದೆ. ಹಾಗಿದ್ದರೆ ಹೂವಿನ ಮಾತು ಆಮೇಲೆ, ಮೊದಲು ಸಾರಜನಕ ಬೇಕು. ನಿದ್ದೆ, ಊಟ, ದಿನಕ್ಕೊಬ್ಬರೊಡನೆ ಮುಖ ನೋಡಿ ಮಾತು, ಬೇಕಿದ್ದರೆ ಮದ್ದು. ಎರಡು ವಾರ ಮೀರಿಯೂ ದಿನದ ಬಹುಪಾಲು ಮನಸ್ಸು ಕುಸಿದೇ ಇದ್ದರೆ, ಮೊದಲು ಖುಷಿ ಕೊಡುತ್ತಿದ್ದದ್ದು ಯಾವುದೂ ಬೇಡವೆನಿಸಿದರೆ, ನಿದ್ದೆ ಕೆಟ್ಟಿದ್ದರೆ, ಅದು ಗುರಿಯ ಪ್ರಶ್ನೆಯಲ್ಲ, ಖಿನ್ನತೆ ಇರಬಹುದು. ಅದಕ್ಕೆ ಡಾಕ್ಟರಿದ್ದಾರೆ, ಪರೀಕ್ಷೆಗೆ ನಿಂತ ಚಿಕಿತ್ಸೆಯಿದೆ. ಸತ್ತರೆ ಸಾಕು ಎನ್ನುವ ಯೋಚನೆ ಒಂದು ಸಲ ಸುಳಿದರೂ ಅಲ್ಲಿ 988ಕ್ಕೆ ಫೋನ್ ಮಾಡು, ನನಗೂ ಮಾಡು, ನಡುರಾತ್ರಿಯಾದರೂ ಸರಿ. ಇಲ್ಲಿಯ ನಿನ್ನ ಸ್ನೇಹಿತರಿಗೆ ಬೇಕಾದರೆ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಎಸೆನ್ಸ್‌ನಿಂದ ನಿನಗೆ ನೇರ ಕೆಡುಕೇನೂ ಆಗುವುದಿಲ್ಲ. ಡಾಕ್ಟರ ಹತ್ತಿರ ಹೋಗಬೇಕಾದ ಆರು ತಿಂಗಳನ್ನು ಅದು ಸದ್ದಿಲ್ಲದೆ ತಿಂದುಹಾಕಬಹುದು, ನನ್ನ ಭಯವೆಲ್ಲ ಅದೇ.

ಫೈರ್‌ವೀಡಿನ ಕಥೆಯ ಉಳಿದರ್ಧ ಇನ್ನೂ ಹೇಳಿಲ್ಲ. ಅದು ಉಳಿಯುವುದಿಲ್ಲ. ಬೆಂಕಿಯಾದ ಮೊದಲ ಕೆಲವು ವರ್ಷ ಬೆಟ್ಟವೆಲ್ಲ ಅದರದ್ದೇ. ಆಮೇಲೆ ವಿಲ್ಲೋ, ಆಲ್ಡರ್, ದೇವದಾರುವಿನಂಥ ಸೂಚಿಪರ್ಣಿ ಮರಗಳು ಏಳುತ್ತವೆ. ನೆರಳು ಬಿದ್ದಂತೆ ಫೈರ್‌ವೀಡ್ ತಗ್ಗುತ್ತದೆ, ಮತ್ತೆ ಆ ನಾಲ್ಕೆಲೆಯ ಬಾಳು. ಅಷ್ಟರೊಳಗೆ ಅದು ಮಾಡಬೇಕಾದ್ದು ಮಾಡಿರುತ್ತದೆ: ಸಡಿಲ ಮಣ್ಣನ್ನು ಹಿಡಿದಿರುತ್ತದೆ, ದುಂಬಿಗಳನ್ನು ಸಾಕಿರುತ್ತದೆ. 1940–41ರಲ್ಲಿ ಜರ್ಮನ್ ಬಾಂಬು ಬಿದ್ದ ಲಂಡನ್ನಿನ ಮನೆಗಳ ಪಾಯದಲ್ಲಿ ಯಾರೂ ಬಿತ್ತದೆ ಇದೇ ಗಿಡ ಎದೆಯುದ್ದ ಹೂಬಿಟ್ಟಿತು. ಜನ ಬಾಂಬ್ ಗಿಡ ಎಂದೇ ಕರೆದರು. ಯುದ್ಧ ಮುಗಿಯಿತು, ಆ ಜಾಗಗಳಲ್ಲಿ ಕಟ್ಟಡಗಳೆದ್ದವು, ಗಿಡ ರೈಲುಹಳಿಯ ಬದಿಗೆ ಸರಿಯಿತು. ಊರಿನವರು ಅದನ್ನು ಮರೆತಿಲ್ಲ, 2002ರಲ್ಲಿ ಲಂಡನ್ನಿನ ಹೂವು ಯಾವುದೆಂಬ ಪ್ರಶ್ನೆ ಬಂದಾಗ ಇದನ್ನೇ ಆರಿಸಿದರು.

ಗುರಿ ಎಂದರೆ ಒಂದೇ, ಅದು ಸಾಯುವ ತನಕ ಇರಬೇಕು, ಸಿಗದಿದ್ದರೆ ಬದುಕು ವ್ಯರ್ಥ ಎಂದು ನಿನ್ನ ತಲೆಗೆ ಯಾರು ತುಂಬಿದರೋ! ಕಂಪನಿಗಳ ಗೋಡೆಯ ಮೇಲೆ ಬರೆದಿರುತ್ತಾರಲ್ಲ, ಅದನ್ನು ಓದಿ ಓದಿ ಬಂದಿರಬೇಕು. ನಮ್ಮ ಹಿರಿಯರೇ ಪುರುಷಾರ್ಥ ನಾಲ್ಕು ಎಂದರು. ಧರ್ಮ, ಮೋಕ್ಷದ ಜೊತೆಗೆ ದುಡ್ಡಿಗೂ ಆಸೆಗೂ ಮಣೆ ಹಾಕಿದರು, ವಯಸ್ಸಿಗೆ ತಕ್ಕಂತೆ ಆಶ್ರಮಗಳನ್ನೂ ಬೇರೆ ಬೇರೆ ಮಾಡಿದರು. ಶಿವರಾಮ ಕಾರಂತರನ್ನು ನೋಡು. ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟರು. ಖಾದಿ, ಪತ್ರಿಕೆ, ನಾಟಕ, ಪುತ್ತೂರಿನ ಮಕ್ಕಳ ಕೂಟ, ಮಕ್ಕಳಿಗೆ ವಿಶ್ವಕೋಶ, ಕಾದಂಬರಿ, ಯಕ್ಷಗಾನ, ಕೊನೆಗೆ ಕೈಗಾ ವಿರೋಧದ ಹೋರಾಟ, ಎಂಬತ್ತು ದಾಟಿದ ಮೇಲೆ ಲೋಕಸಭೆಯ ಚುನಾವಣೆಗೂ ನಿಂತು ಸೋತರು. ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. ಅವರಿಗೆ ಯಾರಾದರೂ ‘ನಿಮ್ಮ ಬದುಕಿನ ಉದ್ದೇಶವೇನು’ ಎಂದು ಕೇಳಿದ್ದರೆ ಹೇಗೆ ಗದರಿಸುತ್ತಿದ್ದರೆಂದು ಊಹಿಸಿಕೊಂಡು ನಾನು ಒಬ್ಬಳೇ ನಕ್ಕೆ.

ನಿನ್ನ ಹನ್ನೆರಡು ವರ್ಷದ ಕೆಲಸವೂ ಹಾಗೆಯೇ ಕಣೇ. ಆ ಕಾಲಕ್ಕೆ ಅದು ಸರಿಯಾಗಿತ್ತು. ಅಪ್ಪನ ಬೈಪಾಸಿಗೆ ಅದರ ದುಡ್ಡು ಬಂತು, ತಮ್ಮ ಓದಿದ. ಮುಂದಿನದ್ದು ಐದು ವರ್ಷ ಇದ್ದು ಹೋಗುವಂಥದ್ದಾದರೂ ಪರವಾಗಿಲ್ಲ, ಜೀವಮಾನದ್ದೇ ಆಗಬೇಕೆಂದು ಹಟ ಹಿಡಿದು ಕೂರಬೇಡ.

ಒಂದು ವಿಷಯಕ್ಕೆ ಮಾತ್ರ ಖಂಡಿತವಾಗಿ ಬೇಡ ಎನ್ನುತ್ತೇನೆ. ಹೂವಿನ ಎಸೆನ್ಸ್ ಕೊಡುವವರಾಗಲು ಸರ್ಟಿಫಿಕೇಟ್ ಕೋರ್ಸ್ ಇದೆ, ಸೇರಲಾ ಎಂದು ಕೊನೆಯಲ್ಲಿ ಮೆತ್ತಗೆ ಕೇಳಿದ್ದೀಯ. ಅದರ ಫೀಸು ನೋಡಿದೆ. ದಾರಿ ಕಾಣದೆ ನಿಂತವರಿಗೆ ದಾರಿ ತೋರಿಸುವ ಕೆಲಸವನ್ನೇ ಮಾರುವವರು ಎಲ್ಲ ಕಾಲದಲ್ಲೂ ಇದ್ದಾರೆ. ಕೆಲಸ ಹೋದ ಮೊದಲ ತಿಂಗಳುಗಳಲ್ಲಿ ದೊಡ್ಡ ಮೊತ್ತದ ಯಾವ ನಿರ್ಧಾರವನ್ನೂ ಮಾಡಬೇಡ, ಇದನ್ನಂತೂ ಮಾಡಲೇಬೇಡ. ಜನರ ಕಷ್ಟ ಕೂತು ಕೇಳುವ ಆಸೆ ನಿಜಕ್ಕೂ ಇದ್ದರೆ ಕೌನ್ಸೆಲಿಂಗನ್ನು ಕ್ರಮವಾಗಿ ಓದು. ಎರಡು ವರ್ಷ ಹಿಡಿಯಲಿ. ಆಗ ನಾನೇ ಸ್ವಲ್ಪ ದುಡ್ಡು ಕೊಡುತ್ತೇನೆ, ನಿನ್ನ ದೊಡ್ಡಪ್ಪನಿಗೆ ಹೇಳಬೇಡ.

ಈಗ ಜುಲೈ ಕೊನೆ. ನಿನ್ನ ಕಿಟಕಿಯಿಂದ ಆಕಾಶ ತಿಳಿಯಾದ ದಿನ ಕಾಣುತ್ತದೆ ಎಂದೆಯಲ್ಲ, ಆ ರೇನಿಯರ್ ಬೆಟ್ಟದ ದಾರಿಯ ಬದಿಗಳಲ್ಲಿ ಫೈರ್‌ವೀಡ್ ಅರಳಿರುತ್ತದೆ. ಎಸೆನ್ಸ್ ಗೆಳತಿಯನ್ನೇ ಕರೆದುಕೊಂಡು ಹೋಗು, ಅವಳಿಗೂ ಒಳ್ಳೆಯದು. ನೀರಿನ ಬಾಟಲಿ, ಟೋಪಿ, ಒಂದು ಹತ್ತು ಪಟ್ಟಿನ ಲೆನ್ಸ್ ಇಟ್ಟುಕೋ. ಅದು ರಾಷ್ಟ್ರೀಯ ಉದ್ಯಾನ, ಅಲ್ಲಿ ಹೂ ಕೀಳುವುದು ಅಪರಾಧ, ನಿಂತಲ್ಲೇ ಬಗ್ಗಿ ನೋಡು. ಕೆಳಗಿನ ಹೂವಿನಲ್ಲಿ ಶಲಾಕಾಗ್ರ ನಾಲ್ಕಾಗಿ ಸುರುಳಿ ಬಿಚ್ಚಿದೆಯೇ, ಮೇಲಿನದರಲ್ಲಿ ಇನ್ನೂ ಮುಚ್ಚಿಕೊಂಡಿದೆಯೇ, ದುಂಬಿ ಎಷ್ಟನೆಯ ಹೂವಿನಿಂದ ಹತ್ತಲು ಶುರುಮಾಡಿ ಎಲ್ಲಿಂದ ಹಾರುತ್ತದೆ, ಬರೆದುಕೊಂಡು ಬಾ. ಅರ್ಧ ಗಂಟೆಯಾದರೂ ಒಂದೇ ಗಿಡದ ಮುಂದೆ ನಿಲ್ಲಬೇಕು. ಶನಿವಾರ ರಾತ್ರಿ ನಿಮ್ಮ ಎಂಟೂವರೆ, ನಮಗೆ ಭಾನುವಾರ ಬೆಳಗಿನ ಒಂಬತ್ತು. ತಿಂಡಿ ಮುಗಿಸಿ ಫೋನಿನ ಹತ್ತಿರವೇ ಕೂತಿರುತ್ತೇನೆ. ಫೋಟೊ ಕಳಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಕಂಡದ್ದನ್ನು ಬಾಯಲ್ಲಿ ಹೇಳಬೇಕು.

ನಿನ್ನ
ದೊಡ್ಡಮ್ಮ